ಮಾರ್ಕ್ಸ್ ಕಾರ್ಡಿನ ಮೇಲಿನ ಹೆಸರು

2025ರ ಫೆಬ್ರುವರಿಯ ಒಂದು ಸಂಜೆ ಅಕ್ಕನ ಮಗಳು ಅರಕಲಗೂಡಿನಿಂದ ಫೋನ್ ಮಾಡಿದಳು. ಸಾಮಾನ್ಯವಾಗಿ ಅವಳ ಫೋನು ಬರೋದು ಹಬ್ಬಕ್ಕೆ ಯಾವಾಗ ಬರ್ತೀರ ಅಂತ ಕೇಳೋಕೆ, ಇಲ್ಲಾ ಮೊಬೈಲಿಗೆ ರೀಚಾರ್ಜ್ ಮಾಡಿಸಿ ಅನ್ನೋಕೆ. ಅವತ್ತು ದನಿ ಬೇರೆ ಥರ ಇತ್ತು.

“ಮಾವ, ನಮ್ಮ ಯೂನಿವರ್ಸಿಟೀನ ಮುಚ್ತಾರಂತೆ. ಟೀವೀಲಿ ಬರ್ತಾ ಇದೆ. ನನ್ನ ಮಾರ್ಕ್ಸ್ ಕಾರ್ಡ್ ಮೇಲೆ ಯಾವ ಹೆಸರು ಬರುತ್ತೆ?”

ನನಗೆ ಉತ್ತರ ಗೊತ್ತಿರಲಿಲ್ಲ. “ಏನೂ ಆಗಲ್ಲ ಸುಮ್ನಿರು, ಓದ್ಕೋ” ಅಂದೆ. ಮಾವಂದಿರು ಉತ್ತರ ಗೊತ್ತಿಲ್ಲದಾಗ ಹೇಳುವ ಮಾತೇ ಅದು :)

ವಿಷಯ ಇಷ್ಟು. ಹಿಂದಿನ ಸರ್ಕಾರದ ಕಾಲದಲ್ಲಿ ಶುರುವಾದ ಹೊಸ ವಿಶ್ವವಿದ್ಯಾಲಯಗಳನ್ನು ಏನು ಮಾಡೋದು ಅಂತ ನೋಡಲು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅಧ್ಯಕ್ಷತೆಯಲ್ಲಿ ಸಚಿವ ಸಂಪುಟದ ಉಪಸಮಿತಿಯೊಂದು ಇತ್ತು. ಹತ್ತರಲ್ಲಿ ಒಂಬತ್ತನ್ನು ಮುಚ್ಚೋದೇ ಸರಿ ಅನ್ನುವ ಅಭಿಪ್ರಾಯಕ್ಕೆ ಅದು ಬಂದಿತ್ತು. ದುಡ್ಡಿಲ್ಲ, ಜಾಗ ಇಲ್ಲ, ಕಾಯಂ ಮೇಷ್ಟ್ರುಗಳಿಲ್ಲ ಅನ್ನೋದು ಕಾರಣ. ಆ ಒಂಬತ್ತರ ಪಟ್ಟಿಯಲ್ಲಿ ಹಾಸನ ವಿಶ್ವವಿದ್ಯಾಲಯವೂ ಇತ್ತು.

ಫೋನ್ ಇಟ್ಟಮೇಲೆ ಬೀರುವಿನಿಂದ ನನ್ನ ಹಳೇ ಫೈಲು ತೆಗೆದೆ. ನಾನು ಡಿಗ್ರಿ ಓದಿದ್ದು ಹಾಸನದಲ್ಲೇ. ಹೊಳೆನರಸೀಪುರದ ಹತ್ತಿರದ ನಮ್ಮೂರಿನಿಂದ ದಿನಾ ಬಸ್ಸು. ಆದರೆ ಮಾರ್ಕ್ಸ್ ಕಾರ್ಡಿನ ಮೇಲೆ ಇರೋದು ಗಂಡಭೇರುಂಡ, ಮೈಸೂರು ವಿಶ್ವವಿದ್ಯಾನಿಲಯ. ನಮ್ಮಪ್ಪನಿಗೆ ಅದು ಕೊನೆಗೂ ಅರ್ಥವಾಗಲಿಲ್ಲ. “ಹಾಸನಕ್ಕೆ ಹೋಗಿ ಓದ್ದೋನಿಗೆ ಮೈಸೂರ್ನೋರು ಯಾಕೆ ಸರ್ಟಿಫಿಕೇಟ್ ಕೊಡ್ತಾರೆ?” ಅಂತಿದ್ದರು. ಆಗ ನಗು ಬರ್ತಿತ್ತು. ಈಗ ಅನ್ನಿಸುತ್ತೆ, ಅಪ್ಪ ಕೇಳಿದ್ದೂ ಸೊಸೆ ಕೇಳಿದ್ದೂ ಒಂದೇ ಪ್ರಶ್ನೆ. ಅದನ್ನು ಹಿಡಿದುಕೊಂಡು ಸ್ವಲ್ಪ ಹಿಂದಕ್ಕೆ ಹೋಗಿ ಬರೋಣ ಬನ್ನಿ.

*

ಮೈಸೂರು ವಿಶ್ವವಿದ್ಯಾನಿಲಯ ಶುರುವಾಗಿದ್ದು 1916ರ ಜುಲೈ 27ರಂದು. ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು, ವಿಶ್ವೇಶ್ವರಯ್ಯ ದಿವಾನರು, ಎಚ್.ವಿ. ನಂಜುಂಡಯ್ಯ ಮೊದಲ ಕುಲಪತಿ (ಆಗಿನ ಮಾತಿನಲ್ಲಿ ಉಪಕುಲಪತಿ). ಬ್ರಿಟಿಷರ ನೇರ ಆಡಳಿತಕ್ಕೆ ಸೇರದ ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾಲಯ ಅದು. ಅಲ್ಲಿಯ ತನಕ ನಮ್ಮ ಕಾಲೇಜುಗಳು ಮದ್ರಾಸಿಗೆ ಸೇರಿದ್ದವು. ಅಂದರೆ ಅವತ್ತಿನ ಹುಡುಗರ ಸರ್ಟಿಫಿಕೇಟಿನ ಮೇಲೆ ಮದ್ರಾಸಿನ ಹೆಸರು! ನಮ್ಮಪ್ಪನ ಪ್ರಶ್ನೆಯನ್ನು ಆಗ ಎಷ್ಟು ಜನ ಅಪ್ಪಂದಿರು ಕೇಳಿರಬಹುದೋ.

ಇವತ್ತಿನ ವಾದಕ್ಕೆ ಬಹಳ ಬೇಕಾದ ವಿಷಯ ಒಂದಿದೆ. ಶುರುವಾದಾಗ ಅದರ ಕೈಯಲ್ಲಿದ್ದದ್ದು ಎರಡೇ ಕಾಲೇಜು. ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು. ಅಷ್ಟಕ್ಕೇ ಒಂದು ಯೂನಿವರ್ಸಿಟಿ.

ಆದರೆ ತಯಾರಿ ಮಾತ್ರ ಚಿಕ್ಕದಾಗಿರಲಿಲ್ಲ. ಸಿ.ಆರ್. ರೆಡ್ಡಿ ಮತ್ತು ಥಾಮಸ್ ಡೆನ್‌ಹ್ಯಾಮ್ ಅವರ ಅಧ್ಯಯನದ ವರದಿಗಳು ಇದರ ಹಿಂದೆ ಇದ್ದವು. ಆಕ್ಸ್‌ಫರ್ಡ್, ಕೇಂಬ್ರಿಜ್ ಅಂತೂ ಸರಿ, ಅಮೆರಿಕದ ಶಿಕಾಗೋ ಮತ್ತು ವಿಸ್ಕಾನ್ಸಿನ್ ಕಡೆಗೂ ಕಣ್ಣು ಹಾಯಿಸಿದ್ದರು. ವಿಸ್ಕಾನ್ಸಿನ್ ಯಾಕೆ ಅಂತೀರಾ? ಅಲ್ಲಿ ಒಂದು ವಿಚಾರ ಬೆಳೆದಿತ್ತು. ವಿಶ್ವವಿದ್ಯಾಲಯದ ಎಲ್ಲೆ ಅದರ ಕಾಂಪೌಂಡ್ ಗೋಡೆಗೆ ಮುಗಿಯಬಾರದು, ರಾಜ್ಯದ ಗಡಿಯ ತನಕ ಹೋಗಬೇಕು, ರೈತನ ಮನೆಗೂ ಅದರ ಉಪಯೋಗ ಮುಟ್ಟಬೇಕು ಅನ್ನೋದು.

ಈ ವಿಚಾರ ಕಾಗದದ ಮೇಲೇ ಉಳಿಯಲಿಲ್ಲ. 1930ರ ದಶಕದಲ್ಲಿ ಮೈಸೂರು ವಿವಿ ‘ಪ್ರಚಾರೋಪನ್ಯಾಸ’ ಅಂತ ಶುರು ಮಾಡಿತು. ಪ್ರೊಫೆಸರುಗಳು ಊರೂರಿಗೆ ಹೋಗಿ ಕನ್ನಡದಲ್ಲಿ, ಸಾಮಾನ್ಯ ಜನಕ್ಕೆ ತಿಳಿಯೋ ಹಾಗೆ ಮಾತಾಡಬೇಕು. ವಿಜ್ಞಾನ, ಆರೋಗ್ಯ, ಚರಿತ್ರೆ, ಸಾಹಿತ್ಯ, ಯಾವುದಾದರೂ ಸರಿ. ಆಮೇಲೆ ಆ ಭಾಷಣಗಳನ್ನೇ ಸಣ್ಣ ಪುಸ್ತಕ ಮಾಡಿ ಕಡಿಮೆ ಬೆಲೆಗೆ ಮಾರುತ್ತಿದ್ದರು. ಕುವೆಂಪು 1956ರಿಂದ 1960ರವರೆಗೆ ಕುಲಪತಿಗಳಾಗಿದ್ದಾಗ ಈ ಕೆಲಸಕ್ಕೆ ಹೊಸ ಜೀವ ಬಂತು. ‘ಪ್ರಸಾರಾಂಗ’ ಅನ್ನೋ ಹೆಸರು ಗೊತ್ತಲ್ಲ, ಅದೇ ಇದು. ಮೈಸೂರಿನಲ್ಲೇ ಓದಿ ಅಲ್ಲೇ ಕುಲಪತಿಯಾದವರಲ್ಲಿ ಅವರೇ ಮೊದಲಿಗರು. ಮಾನಸಗಂಗೋತ್ರಿ ಅನ್ನೋ ಹೆಸರೂ ಅವರದ್ದೇ.

ನಮ್ಮ ಮನೆ ಅಟ್ಟದ ಮೇಲೆ ಅಂಥ ಸಣ್ಣ ಪುಸ್ತಕಗಳ ಒಂದು ಕಟ್ಟು ಇತ್ತು. ತಾತ ನಾಲ್ಕನೇ ಕ್ಲಾಸು ಓದಿದವರು. ಕಾಲೇಜಿನ ಮುಖ ನೋಡಿದವರಲ್ಲ. ಆದರೂ ಗಂಡಭೇರುಂಡದ ಮುದ್ರೆ ಅವರ ಕೈಗೆ ನನಗಿಂತ ಎಷ್ಟೋ ಮೊದಲೇ ಬಂದಿತ್ತು. ಅಂದರೆ ನೋಡಿ, ನಮ್ಮ ಮನೆಗೆ ಯೂನಿವರ್ಸಿಟಿ ಮೊದಲು ಬಂದದ್ದು ಕ್ಲಾಸ್‌ರೂಮಿನ ರೂಪದಲ್ಲಿ ಅಲ್ಲ, ಪುಸ್ತಕದ ಕಟ್ಟಿನ ರೂಪದಲ್ಲಿ. ಪಾಠ ಆಮೇಲೆ ಬಂತು. ‘ಸಮಾಜ ಸೇವೆ’ ಅನ್ನೋದನ್ನ ಈಗ ವಾರ್ಷಿಕ ವರದಿಯ ಕೊನೇ ಪುಟಕ್ಕೆ ಹಾಕ್ತಾರೆ. ನಮ್ಮ ಕಡೆಗೆ ಅದೇ ಮೊದಲನೇ ಪುಟ.

*

ಪಾಠದ ವಿಷಯಕ್ಕೆ ಬರೋಣ.

ನನ್ನ ಹೆಂಡತಿಯ ತವರು ಚನ್ನರಾಯಪಟ್ಟಣ. ಆ ತಾಲ್ಲೂಕಿನ ಸಂತೇಶಿವರದಲ್ಲಿ 1931ರಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪನವರು ತತ್ತ್ವಶಾಸ್ತ್ರದ ಎಂ.ಎ. ಮಾಡಿದ್ದು ಮೈಸೂರಿನಲ್ಲಿ. ಅವರು 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ ನಮ್ಮ ಮಾವನವರು ಅಂದದ್ದು, “ಆಗ ಓದಬೇಕು ಅಂದ್ರೆ ಊರು ಬಿಡಲೇಬೇಕಿತ್ತು ಕಣಪ್ಪ” ಅಂತ. ನಿಜ. ಹಾಸನದಿಂದ ಮೈಸೂರಿಗೆ 115-120 ಕಿಲೋಮೀಟರು. ಹೊಳೆನರಸೀಪುರದ ಮೇಲೆ ಮೈಸೂರಿಗೆ ರೈಲಾದರೂ ಇತ್ತು. ಅರಕಲಗೂಡಿಗೆ ರೈಲು ಬರಲೇ ಇಲ್ಲ. ಚನ್ನರಾಯಪಟ್ಟಣದವರು ರೈಲಿನಲ್ಲಿ ನೇರವಾಗಿ ಬೆಂಗಳೂರು ಸೇರಿದ್ದು 2017ರಲ್ಲಿ. ಗಂಡು ಹುಡುಗರು ಹೇಗೋ ಹಾಸ್ಟೆಲ್ಲೋ ನೆಂಟರ ಮನೆಯೋ ಹುಡುಕಿಕೊಂಡು ಹೋಗುತ್ತಿದ್ದರು. ಹೆಣ್ಣು ಮಕ್ಕಳ ಓದು ಪಿಯುಸಿಗೋ ಡಿಗ್ರಿಗೋ ನಿಲ್ಲುತ್ತಿತ್ತು. ನಮ್ಮಕ್ಕ ನನಗಿಂತ ಚೆನ್ನಾಗಿ ಓದುತ್ತಿದ್ದಳು. ಅವಳ ಓದು ಎಸ್ಸೆಸ್ಸೆಲ್ಸಿಗೇ ನಿಂತಿತು. ಯಾರೂ ಬೇಡ ಅನ್ನಲಿಲ್ಲ, ಯಾರೂ ಬೇಕು ಅಂತಲೂ ಅನ್ನಲಿಲ್ಲ.

ಈ ದೂರವನ್ನು ಕಡಿಮೆ ಮಾಡಿದ್ದು ಸ್ನಾತಕೋತ್ತರ ಕೇಂದ್ರಗಳು. ಅದರ ಚರಿತ್ರೆ ಸ್ವಾರಸ್ಯವಾಗಿದೆ. 1968ರಲ್ಲಿ ಮೈಸೂರು ವಿವಿ ಮಂಗಳೂರಿನ ಹತ್ತಿರ ಕೊಣಾಜೆಯಲ್ಲಿ ಮಂಗಳಗಂಗೋತ್ರಿ ಅಂತ ಒಂದು ಕೇಂದ್ರ ತೆರೆಯಿತು. 1980ರಲ್ಲಿ ಅದೇ ಮಂಗಳೂರು ವಿಶ್ವವಿದ್ಯಾನಿಲಯ ಆಯಿತು. ಶಿವಮೊಗ್ಗ ಕಡೆ ಬಿ.ಆರ್. ಪ್ರಾಜೆಕ್ಟಿನಲ್ಲಿದ್ದ ಕೇಂದ್ರ 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಆಯಿತು. ದಾವಣಗೆರೆಯ ಶಿವಗಂಗೋತ್ರಿ 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ. ಧಾರವಾಡದವರು ಕಲಬುರಗಿಯಲ್ಲಿ ತೆರೆದ ಕೇಂದ್ರದ ಕತೆಯೂ ಇದೇ, ಅದು ಗುಲಬರ್ಗಾ ವಿವಿ ಆದದ್ದು 1980ರಲ್ಲಿ. ಬೆಂಗಳೂರಂತೂ 1964ರಲ್ಲೇ ಬೇರೆ ಮನೆ ಮಾಡಿತ್ತು.

ಒಟ್ಟಿನಲ್ಲಿ ಕರ್ನಾಟಕದಲ್ಲಿ ವಿಶ್ವವಿದ್ಯಾಲಯ ಹುಟ್ಟಿದ್ದು ಬಹುಪಾಲು ಹೀಗೇ. ಮೊದಲು ತಾಯಿಮನೆಯ ಒಂದು ಕೋಣೆ, ಆಮೇಲೆ ಬೇರೆ ಒಲೆ. ಹಾಸನದಲ್ಲೂ ಮೈಸೂರು ವಿವಿಯ ಕೇಂದ್ರ ಬಂತು. ನಮ್ಮ ಹೇಮಾವತಿ ನದಿಯ ಹೆಸರಿಟ್ಟು ಅದಕ್ಕೆ ‘ಹೇಮಗಂಗೋತ್ರಿ’ ಅಂದರು. ಅರಕಲಗೂಡಿನಿಂದ ಹಾಸನಕ್ಕೆ ಸುಮಾರು 30 ಕಿಲೋಮೀಟರು, ಹೊಳೆನರಸೀಪುರ, ಚನ್ನರಾಯಪಟ್ಟಣದಿಂದ ಅದಕ್ಕಿಂತ ಸ್ವಲ್ಪ ಜಾಸ್ತಿ. ಬೆಳಗ್ಗೆ ರೊಟ್ಟಿ ಕಟ್ಟಿಕೊಂಡು ಹೋಗಿ ಸಂಜೆ ಕರೆವ ಹೊತ್ತಿಗೆ ಮನೆಗೆ ಬರಬಹುದು. ಎಂ.ಎ., ಎಂ.ಕಾಂ. ಅನ್ನೋದು ಊರು ಬಿಡದೇ ಮಾಡುವ ಓದಾಯಿತು. ಇದಕ್ಕಿಂತ ದೊಡ್ಡ ಪ್ರಗತಿ ಯಾವ ವರದಿಯಲ್ಲಿ ಇರುತ್ತೆ ಹೇಳಿ.

*

ಸೇವೆಯ ವಿಷಯದಲ್ಲಿ ಒಂದು ನನ್ನ ಕಣ್ಣಾರೆ ಕಂಡದ್ದು ಹೇಳಿಬಿಡ್ತೀನಿ.

ಎನ್ನೆಸ್ಸೆಸ್ ಶುರುವಾದದ್ದು 1969ರಲ್ಲಿ, ಗಾಂಧಿ ಶತಮಾನೋತ್ಸವದ ವರ್ಷ, ದೇಶದ 37 ವಿವಿಗಳಲ್ಲಿ. ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ನಮ್ಮೂರಿಗೆ ಒಂದು ಕಾಲೇಜಿನ ಹುಡುಗರು ಹತ್ತು ದಿನದ ಕ್ಯಾಂಪಿಗೆ ಬಂದರು. ಬೆಳಗ್ಗೆ ರಸ್ತೆಗೆ ಮಣ್ಣು ಹಾಕೋದು, ಸಾಯಂಕಾಲ ಮಾರಿಗುಡಿ ಮುಂದೆ ನಾಟಕ. ಅವರ ಜತೆ ಗಾರೆ ಕೆಲಸದವನೊಬ್ಬ ಇದ್ದ. ನಮ್ಮ ಅಡುಗೆಮನೆಯೂ ಸೇರಿ ಏಳೆಂಟು ಮನೆಗೆ ‘ಅಸ್ತ್ರ ಒಲೆ’ ಕಟ್ಟಿಸಿದರು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ವಿಜ್ಞಾನಿಗಳು ಹಳ್ಳಿಗಾಗಿ ಮಾಡಿದ ಮೂರು ಕಣ್ಣಿನ ಒಲೆ ಅದು. ಸೌದೆ ಕಡಿಮೆ, ಹೊಗೆಯೆಲ್ಲ ಕೊಳವೆಯಲ್ಲಿ ಆಚೆಗೆ. ಆ ವರ್ಷ ಅಮ್ಮನ ಕೆಮ್ಮು ನಿಂತಿತು. ಉತ್ಪ್ರೇಕ್ಷೆ ಅಲ್ಲ, ನಿಂತೇ ನಿಂತಿತು.

ಎರಡು ಮೂರು ವರ್ಷಕ್ಕೆ ಕೊಳವೆಯೊಳಗೆ ಮಸಿ ಕಟ್ಟಿತು. ಅದನ್ನು ಆಗಾಗ ತೆಗೆದು ಕೊಡವಬೇಕು ಅಂತ ನಮಗೆ ಹೊಳೆಯಲಿಲ್ಲ. ಆ ಹುಡುಗರು ಪಾಸಾಗಿ ಹೋಗಿದ್ದರು. ಕಾಲೇಜಿನಿಂದ ಇನ್ನೊಂದು ಬ್ಯಾಚು ಬೇರೆ ಊರಿಗೆ ಹೋಗಿತ್ತು. ಒಂದು ದಿನ ಅಪ್ಪ ಒಲೆ ಒಡೆದು ಹಳೇ ಮೂರು ಕಲ್ಲು ಇಟ್ಟರು. ಕೆಮ್ಮು ವಾಪಸ್ ಬಂತು.

ಯಾರನ್ನೂ ದೂರೋಕೆ ಇದನ್ನ ಹೇಳ್ತಾ ಇಲ್ಲ. ಹತ್ತು ದಿನ ಬಂದದ್ದೇ ದೊಡ್ಡದು. ಆದರೆ ತಿರುಗಿ ಬಂದು ನೋಡೋದಕ್ಕೆ ಯೂನಿವರ್ಸಿಟಿ ಹತ್ತಿರ ಇರಬೇಕು. 120 ಕಿಲೋಮೀಟರು ದೂರದ್ದು ಕ್ಯಾಂಪು ಮಾಡುತ್ತೆ. ಮೂವತ್ತು ಕಿಲೋಮೀಟರಿನದ್ದು ಬೇಕಾದರೆ ಮುಂದಿನ ವರ್ಷವೂ ಬಂದು ‘ಒಲೆ ಹೇಗಿದೆ ಅಮ್ಮಾ?’ ಅಂತ ಕೇಳಬಹುದು.

*

ಮೂರನೆಯದು ಕೈಗಾರಿಕೆ. ಇಲ್ಲಿ ನಮ್ಮ ಕತೆ ಸ್ವಲ್ಪ ಸಿಕ್ಕುಸಿಕ್ಕು.

ವಿಶ್ವೇಶ್ವರಯ್ಯನವರಿಗೆ ಕಾಲೇಜು ಬೇರೆ, ಕಾರ್ಖಾನೆ ಬೇರೆ ಅನ್ನೋ ಯೋಚನೆಯೇ ಇರಲಿಲ್ಲ. ಅವರು ಎಂಜಿನಿಯರಿಂಗ್ ಓದಿದ್ದು ಪುಣೆಗೆ ಹೋಗಿ. ನಮ್ಮ ಹುಡುಗರು ಇಲ್ಲೇ ಓದಲಿ ಅಂತ 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆಸಿ, ಒಂದು ವರ್ಷದ ಕೂಸಾಗಿದ್ದ ಮೈಸೂರು ವಿವಿಯ ಮಡಿಲಿಗೆ ಹಾಕಿದರು. ಅದೇ ಕಾಲಕ್ಕೆ ಕನ್ನಂಬಾಡಿ ಕಟ್ಟೆ ಏಳುತ್ತಿತ್ತು, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಯೋಜನೆ ನಡೆಯುತ್ತಿತ್ತು. ಓದಿದವರಿಗೆ ಕೆಲಸ, ಕೆಲಸಕ್ಕೆ ಓದಿದವರು, ಎರಡೂ ಒಂದೇ ಮನೆಯ ಲೆಕ್ಕ.

ಹಾಸನಕ್ಕೆ ಈ ಯೋಗ 1960ರಲ್ಲಿ ಬಂತು. ಎರಡನೇ ಪಂಚವಾರ್ಷಿಕ ಯೋಜನೆಯಲ್ಲಿ ಕೇಂದ್ರ ಸರ್ಕಾರ, ರಾಜ್ಯ ಸರ್ಕಾರ, ಮಲೆನಾಡು ತಾಂತ್ರಿಕ ಶಿಕ್ಷಣ ಸಂಸ್ಥೆ ಮೂವರೂ ಸೇರಿ ಮಲೆನಾಡು ಎಂಜಿನಿಯರಿಂಗ್ ಕಾಲೇಜು ತೆರೆದರು. 1982ರಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಬಂತು. ಆಕಾಶದಲ್ಲಿರೋ ಇನ್ಸ್ಯಾಟ್ ಉಪಗ್ರಹಗಳನ್ನು ಹಿಡಿದಿಟ್ಟುಕೊಳ್ಳೋ ಆ ದೊಡ್ಡ ದೊಡ್ಡ ಬಿಳಿ ಬಟ್ಟಲುಗಳನ್ನ ಬಸ್ಸಿನಿಂದ ನೋಡಿ ಬೆಳೆದವರು ನಾವು. ಆಮೇಲೆ ಬಟ್ಟೆ ಗಿರಣಿಗಳು ಬಂದವು. ಇವುಗಳ ಜತೆಗೆ ನೆಲದ ಮೇಲಿನ ಕೈಗಾರಿಕೆಗಳೂ ಇವೆ. ಹಾಸನದ ಆಲೂಗೆಡ್ಡೆ, ಅರಕಲಗೂಡು ತಾಲ್ಲೂಕು ರಾಮನಾಥಪುರದ ತಂಬಾಕು ಹರಾಜು ಕಟ್ಟೆ, ಚನ್ನರಾಯಪಟ್ಟಣದ ತೆಂಗು, ಊರೂರಿನ ಹಾಲಿನ ಡೈರಿ.

ಇಷ್ಟೆಲ್ಲ ಇದ್ದಮೇಲೆ ಹಾಸನ ವಿವಿಗೆ ಕೈಗಾರಿಕೆಯ ನಂಟು ಸಲೀಸು ಅನ್ಕೋತೀರಿ. ಇಲ್ಲೇ ಇರೋದು ಗಂಟು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನ ವಿವಿ ಬಂತು, ವೈದ್ಯಕೀಯ ಕಾಲೇಜುಗಳೆಲ್ಲ ಅದಕ್ಕೆ ಸೇರಿದವು. 1998ರಲ್ಲಿ ವಿಟಿಯು ಬಂತು, ಎಂಜಿನಿಯರಿಂಗ್ ಕಾಲೇಜುಗಳು ಅತ್ತ ಹೋದವು. 2009ರಲ್ಲಿ ಕಾನೂನು ವಿವಿ. ಒಂದು ಸಲ ಲೆಕ್ಕ ಹಾಕಿ ನೋಡಿ. ನಮ್ಮ ಜಿಲ್ಲೆಯ ಎಂಜಿನಿಯರಿಂಗ್ ಓದಿನ ಯಜಮಾನರು ಬೆಳಗಾವಿಯಲ್ಲಿ. ಹಾಸನದ ಪಶುವೈದ್ಯ ಕಾಲೇಜಿನವರು ಬೀದರಿನಲ್ಲಿ. ಕಾನೂನು ಹುಬ್ಬಳ್ಳಿಯಲ್ಲಿ. ವೈದ್ಯಕೀಯ ಬೆಂಗಳೂರಿನಲ್ಲಿ. ಕಾರೆಕೆರೆಯ ಕೃಷಿ ಕಾಲೇಜು ಕೃಷಿ ವಿವಿಯದ್ದು. ಒಂದೊಂದಕ್ಕೂ ಒಳ್ಳೇ ಕಾರಣ ಇತ್ತು. ಆದರೆ ಎಲ್ಲ ಸೇರಿ ಆದದ್ದೇನು? ಹಾಸನದ ಹೆಸರಿನ ವಿವಿಯ ಕೈಗೆ ಉಳಿದದ್ದು ಬಿ.ಎ., ಬಿ.ಕಾಂ., ಬಿ.ಎಸ್ಸಿ.

ಆಲೂಗೆಡ್ಡೆಯನ್ನೇ ತಗೊಳ್ಳಿ. ನಮ್ಮ ರೈತರು ಬಿತ್ತನೆ ಗೆಡ್ಡೆಗೆ ಪಂಜಾಬಿನ ಜಲಂಧರದ ದಾರಿ ಕಾಯೋದು ಹಳೇ ಕತೆ. ಮುಂಗಾರಿನಲ್ಲಿ ಮೋಡ ಮುಚ್ಚಿಕೊಂಡರೆ ಅಂಗಮಾರಿ ರೋಗ. ವಾರದೊಳಗೆ ಹೊಲ ಸುಟ್ಟಂತೆ ಆಗುತ್ತೆ. ಎಷ್ಟೋ ಜನ ಆಲೂಗೆಡ್ಡೆ ಬಿಟ್ಟು ಜೋಳಕ್ಕೆ, ಶುಂಠಿಗೆ ಹೋದರು. ಇದರಲ್ಲಿ ರೋಗದ ವಿಜ್ಞಾನ ಇದೆ, ಬಿತ್ತನೆಯ ವ್ಯಾಪಾರ ಇದೆ, ಸಾಲದ ಲೆಕ್ಕ ಇದೆ, ಮಾರುಕಟ್ಟೆ ಇದೆ, ಕೋಲ್ಡ್ ಸ್ಟೋರೇಜಿನ ಎಂಜಿನಿಯರಿಂಗ್ ಇದೆ. ಒಂದು ಬೆಳೆಗೆ ನಾಲ್ಕು ಯೂನಿವರ್ಸಿಟಿ ಬೇಕು. ನಾಲ್ಕಕ್ಕೂ ಹಾಸನದಲ್ಲಿ ಕಟ್ಟಡ ಇದೆ. ನಾಲ್ಕನ್ನೂ ಒಂದು ಮೇಜಿಗೆ ಕೂರಿಸುವವರು ಯಾರು? ಆ ಕೆಲಸಕ್ಕೆ ಜಿಲ್ಲೆಯ ಹೆಸರಿಟ್ಟುಕೊಂಡ ವಿವಿಯೇ ಸರಿ ಅಂತ ನನ್ನ ಅನಿಸಿಕೆ. ಅದಕ್ಕೆ ಕೋಟಿಗಟ್ಟಲೆ ದುಡ್ಡು ಬೇಡ, ಒಂದು ದೊಡ್ಡ ಮೇಜು ಸಾಕು.

*

ಈಗ 2023ಕ್ಕೆ ಬರೋಣ. ಆ ವರ್ಷ ಮಾರ್ಚ್ 28ರಂದು ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಏಳು ಹೊಸ ವಿವಿಗಳನ್ನು ಒಟ್ಟಿಗೆ ಉದ್ಘಾಟಿಸಿದರು. ಹಾಸನ, ಚಾಮರಾಜನಗರ, ಕೊಡಗು, ಹಾವೇರಿ, ಕೊಪ್ಪಳ, ಬಾಗಲಕೋಟೆ, ಬೀದರ್. ತಲಾ 2 ಕೋಟಿ ರೂಪಾಯಿ. ಹೊಸ ಜಮೀನಿಲ್ಲ, ಹೊಸ ಕಟ್ಟಡ ಇಲ್ಲ, ಇದ್ದದ್ದರಲ್ಲೇ ಸಂಸಾರ. ಹೇಮಗಂಗೋತ್ರಿಯ ಬೋರ್ಡು ಬದಲಾಯಿತು.

ಅದೇ ವರ್ಷ ಜೂನ್ 11ರಂದು ಇನ್ನೊಂದು ಸರ್ಕಾರ ‘ಶಕ್ತಿ’ ಯೋಜನೆ ತಂದಿತು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಎರಡು ಬೇರೆ ಪಕ್ಷ, ಎರಡು ಬೇರೆ ಉದ್ದೇಶ, ಮಧ್ಯೆ ಎರಡೂವರೆ ತಿಂಗಳು. ಒಬ್ಬರಿಗೊಬ್ಬರು ಹೇಳಿ ಮಾಡಿದ್ದಲ್ಲ. ಆದರೆ ಎರಡೂ ಹೋಗಿ ಸೇರಿದ್ದು ಅರಕಲಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದ ನಮ್ಮ ಹುಡುಗಿಯ ಹತ್ತಿರ. ಎಸ್ಸೆಸ್ಸೆಲ್ಸಿಗೆ ನಿಂತ ನಮ್ಮಕ್ಕನ ಮಗಳು ಎಂ.ಕಾಂ. ಸೇರಿದಳು. ಬಸ್ ಚಾರ್ಜ್ ಸೊನ್ನೆ.

ಮುಚ್ಚಿ ಅನ್ನುವವರ ಮಾತಿನಲ್ಲೂ ಸತ್ಯ ಇದೆ, ಸುಳ್ಳು ಹೇಳಬಾರದು. ಕಾಯಂ ಅಧ್ಯಾಪಕರಿಲ್ಲದೆ ಅತಿಥಿ ಉಪನ್ಯಾಸಕರನ್ನೇ ನೆಚ್ಚಿಕೊಂಡು ಎಷ್ಟು ದಿನ ನಡೆಸೋದು? ಎರಡು ಕೋಟಿಯಲ್ಲಿ ಲ್ಯಾಬು ಕಟ್ಟೋಕಾಗುತ್ತಾ? ಜತೆಗೆ 2021ರಲ್ಲಿ ಬಂದ ನಾಲ್ಕು ವರ್ಷದ ಡಿಗ್ರಿ 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಇಳಿಯಿತು. ಕಣ್ಣು ಬಿಡೋ ಮೊದಲೇ ಹೊಸ ವಿವಿಗಳು ಎರಡೆರಡು ಥರದ ಸಿಲೆಬಸ್ಸು ಹೊರಬೇಕಾಯಿತು. ಮಂಡ್ಯ, ಚಾಮರಾಜನಗರ, ಹಾಸನ ಹೋದಮೇಲೆ ತಾಯಿ ಮೈಸೂರಿಗೂ ಆದಾಯ ಕಡಿಮೆ. ಹೆಸರು ಹಂಚಿದಷ್ಟು ಸುಲಭವಾಗಿ ದುಡ್ಡು ಹಂಚಲಿಲ್ಲ ನೋಡಿ.

ಆದರೆ ಇದೆಲ್ಲ ‘ಮಗು ಸಣಕಲಾಗಿದೆ’ ಅನ್ನೋದಕ್ಕೆ ಸಾಕ್ಷಿ, ‘ಮಗು ಬೇಡ’ ಅನ್ನೋದಕ್ಕೆ ಅಲ್ಲ. 1916ರಲ್ಲಿ ಎರಡೇ ಕಾಲೇಜು ಇಟ್ಟುಕೊಂಡದ್ದಕ್ಕೂ ಇದೇ ಮಾತು ಹೇಳಬಹುದಿತ್ತು. ಅದು ಉಳಿದದ್ದು ಕಟ್ಟಡದಿಂದ ಅಲ್ಲ. ಊರೂರಿಗೆ ಬಂದು ಮಾತಾಡಿತು, ಮೂರು ಕಾಸಿಗೆ ಪುಸ್ತಕ ಕೊಟ್ಟಿತು, ಕಟ್ಟೆ ಕಟ್ಟುವವರನ್ನು ತಯಾರು ಮಾಡಿತು. ಹಾಗಾಗಿ ಜನರಿಗೆ ಅದು ತಮ್ಮದು ಅನ್ನಿಸಿತು.

ನಾನೂ ಒಮ್ಮೆ ಒಂದು ಕಾಗದಕ್ಕೆ ಕ್ರಾಫರ್ಡ್ ಹಾಲಿಗೆ ಹೋಗಿದ್ದೆ. ಕೆ.ಆರ್. ನಗರದ ಮೇಲೆ ಹೋಗಿ ಬರೋ ಹೊತ್ತಿಗೆ ದಿನ ಮುಗಿದಿತ್ತು. ಕೌಂಟರಿನಲ್ಲಿ ಹತ್ತು ನಿಮಿಷದ ಕೆಲಸ, ಒಳ್ಳೇ ಜನ, ಮರ್ಯಾದೆಯಿಂದ ಮಾಡಿಕೊಟ್ಟರು. ಅಪ್ಪನಿಗೆ ಮಾತ್ರ ಅವತ್ತು ಒಂದಾಳಿನ ಕೂಲಿ ನಷ್ಟ. ಹೊಲದಲ್ಲಿ ನಾನಿರಬೇಕಿತ್ತು. ಹತ್ತಿರದ ಯೂನಿವರ್ಸಿಟಿ ಅಂದರೆ ಏನು ಅಂತ ಲೆಕ್ಕ ಹಾಕುವವರು ಈ ಕೂಲಿಯನ್ನೂ ಸೇರಿಸಿಕೊಳ್ಳಲಿ.

ಮರುದಿನ ನಾನೇ ಸೊಸೆಗೆ ಫೋನ್ ಮಾಡಿದೆ. ಇಷ್ಟೆಲ್ಲ ಹೇಳಿದೆ, ಮದ್ರಾಸಿನಿಂದ ಹಿಡಿದು. ಪಾಪ, ತಾಳ್ಮೆಯಿಂದ ಕೇಳಿಸಿಕೊಂಡಳು. ಕೊನೆಗೆ ಅಂದಳು, “ಮಾವ, ಹೆಸರು ಯಾವುದಾದ್ರೂ ಹಾಕ್ಲಿ. ಕ್ಲಾಸ್ ಮಾತ್ರ ಹಾಸನದಲ್ಲೇ ಇರ್ಲಿ. ಮೈಸೂರಿಗೆ ಹೋಗು ಅಂದ್ರೆ ಅಪ್ಪ ಕಳಿಸಲ್ಲ.” ಅಷ್ಟು ಹೇಳಿ, ಬೆಳಗ್ಗೆ ಬೇಗ ಬಸ್ಸು ಹಿಡೀಬೇಕು ಅಂತ ಇಟ್ಟುಬಿಟ್ಟಳು.

ನನ್ನ ಇಡೀ ಚರಿತ್ರೆಯನ್ನು ಅವಳು ಮೂರು ವಾಕ್ಯದಲ್ಲಿ ಮುಗಿಸಿದ್ದಳು :)

ನಿಮ್ಮ ಮಾರ್ಕ್ಸ್ ಕಾರ್ಡಿನ ಮೇಲೆ ಯಾವ ಊರಿನ ಹೆಸರಿದೆ? ಆ ಊರು ನಿಮ್ಮನೆಯಿಂದ ಎಷ್ಟು ದೂರ ಇತ್ತು? ನಿಮ್ಮ ಮನೆಯಲ್ಲಿ ಆ ದೂರಕ್ಕೆ ಓದು ನಿಂತವರು ಯಾರಾದರೂ ಇದ್ದಾರಾ? ಬಿಡುವಿದ್ದಾಗ ಬರೀರಿ, ಓದೋಣ.